ಬಿಸಿಲು ಸೀಮೆಯ ಮನೆ: ಮಾಳಿಗೆ, ನೀರು, ಒಲೆಗಳಲ್ಲಿ ಯಾವುದನ್ನು ಆರಿಸಬೇಕು?

ಪರಿಸರಸ್ನೇಹಿ ಮನೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಬೆಂಗಳೂರಿನ ಹವೆಯನ್ನೋ ಮಲೆನಾಡಿನ ಮಳೆಯನ್ನೋ ಕಣ್ಣಮುಂದೆ ಇಟ್ಟುಕೊಂಡು ಬರೆದಂಥವು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಮನೆಗಳಿಗೆ ಅವನ್ನು ಇದ್ದಂತೆಯೇ ಅನ್ವಯಿಸಿದರೆ ದುಡ್ಡು ಖರ್ಚಾಗುತ್ತದೆಯೇ ಹೊರತು ಉದ್ದೇಶ ಈಡೇರುವುದಿಲ್ಲ. ಇಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ವರ್ಷದ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿದೆ. ಬೋರ್‌ವೆಲ್ ನೀರು ಗಡಸು, ಎಷ್ಟೋ ಊರುಗಳಲ್ಲಿ ಅದರಲ್ಲಿ ಫ್ಲೋರೈಡ್ ಕೂಡ ಇದೆ. ಇವುಗಳ ಜೊತೆಗೆ ಶಕ್ತಿನಗರ, ಯರಮರಸ್, ಕುಡತಿನಿಗಳ ದೊಡ್ಡ ಕಲ್ಲಿದ್ದಲ ವಿದ್ಯುತ್ ಸ್ಥಾವರಗಳು ಇದೇ ನೆಲದಲ್ಲಿವೆ. ನಾವು ಉಳಿಸುವ ಒಂದೊಂದು ಯೂನಿಟ್ಟಿನ ಅರ್ಥ ಏನೆಂಬುದು ಆ ಹೊಗೆಕೊಳವೆಗಳ ನೆರಳಿನಲ್ಲಿ ಬದುಕುವ ಊರುಗಳವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ಇಲ್ಲಿನ ಆಯ್ಕೆಗಳನ್ನು ಅಂಗಡಿಯಲ್ಲಿ ಸಿಗುವ ಸಾಮಾನಿನಿಂದ ಆರಂಭಿಸದೆ, ಮೊದಲು ಮನೆಯ ಮಾಳಿಗೆ, ಆಮೇಲೆ ಮನೆಗೆ ಬರುವ ನೀರು, ಅದಾದ ನಂತರ ಅಡುಗೆಯ ಉರುವಲು ಎಂಬ ಕ್ರಮದಲ್ಲಿ ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಕ್ರಮ ತಪ್ಪಿದರೆ, ಕಾದ ಮಾಳಿಗೆಯ ಕೆಳಗೆ ಎಷ್ಟೇ ಉತ್ತಮ ದರ್ಜೆಯ ಎಸಿ ತಂದಿಟ್ಟರೂ ಅದು ದಿನವಿಡೀ ದುಡಿಯುತ್ತಲೇ ಇರಬೇಕಾಗುತ್ತದೆ.

ಮೊದಲು ಮಾಳಿಗೆ

ಆರ್‌ಸಿಸಿ ಮನೆಯೊಳಗಿನ ಧಗೆಗೆ ಮುಖ್ಯ ಕಾರಣ ತಲೆಯ ಮೇಲಿನ ಸ್ಲ್ಯಾಬ್. ಬೂದುಬಣ್ಣಕ್ಕೆ ತಿರುಗಿದ ಹಳೆಯ ಕಾಂಕ್ರೀಟು ತನ್ನ ಮೇಲೆ ಬಿದ್ದ ಬಿಸಿಲಿನ ಹೆಚ್ಚಿನ ಪಾಲನ್ನು ಹೀರಿಕೊಂಡು, ಸಂಜೆಯಾದ ಮೇಲೆ ನಿಧಾನವಾಗಿ ಒಳಗೆ ಬಿಡುತ್ತದೆ. ರಾತ್ರಿ ಹತ್ತು ಗಂಟೆಗೂ ಫ್ಯಾನಿನ ಗಾಳಿ ಬಿಸಿಯಾಗಿಯೇ ಬರುವುದು ಇದೇ ಕಾರಣಕ್ಕೆ. ಶುಭ್ರವಾದ ಬಿಳಿ ಮೇಲ್ಮೈ ಅದೇ ಬಿಸಿಲಿನ ಬಹುಪಾಲನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಮಾಳಿಗೆಯನ್ನು ಬಿಳಿಯಾಗಿಸಲು ಮುಖ್ಯವಾಗಿ ಮೂರು ದಾರಿಗಳಿವೆ: ಸುಣ್ಣ, ಬಿಸಿಲನ್ನು ಪ್ರತಿಫಲಿಸುವ ಬಿಳಿ ಪೇಂಟು, ಮತ್ತು ಒಡೆದ ಬಿಳಿ ಟೈಲ್ಸಿನ ಹೊದಿಕೆ. ಮಾಳಿಗೆಯನ್ನು ಹಾಗೆಯೇ ಬಿಟ್ಟು ಒಳಗಡೆ ಪಿಒಪಿ ಸೀಲಿಂಗ್ ಹಾಕಿಸುವುದು ಧಗೆ ತಗ್ಗಿಸುವ ನಾಲ್ಕನೆಯ ದಾರಿ.

ಸುಣ್ಣ ಎಲ್ಲಕ್ಕಿಂತ ಅಗ್ಗ, ಮತ್ತು ಮನೆಯವರೇ ಬಳಿದುಕೊಳ್ಳಬಹುದಾದದ್ದು. ಕಲ್ಲುಸುಣ್ಣವನ್ನು ನೀರಿನಲ್ಲಿ ಅರಳಿಸಿ, ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಬೆರೆಸಿಕೊಳ್ಳಬೇಕು. ಮಾಳಿಗೆಯನ್ನು ಗುಡಿಸಿ, ತೊಳೆದು, ಇನ್ನೂ ತೇವ ಇರುವಾಗಲೇ ಸಂಜೆ ಹೊತ್ತಿನಲ್ಲಿ ಎರಡು ಮೂರು ಕೈ ಬಳಿದರೆ ಅದು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ನಡು ಬಿಸಿಲಲ್ಲಿ ಬಳಿದ ಸುಣ್ಣ ಒಣಗಿ ಪುಡಿಯಾಗಿ ಏಳುತ್ತದೆ. ಸುಣ್ಣ ಅರಳುವಾಗ ಕೊತಕೊತ ಕುದಿಯುವುದರಿಂದ ಮಕ್ಕಳನ್ನು ದೂರ ಇಡಬೇಕು, ಕಣ್ಣಿಗೆ ಸಿಡಿಯದಂತೆ ಎಚ್ಚರ ವಹಿಸಬೇಕು. ಇದರ ಕೊರತೆಯೆಂದರೆ ಒಂದೇ ಮಳೆಗಾಲದ ಬಾಳಿಕೆ. ಫೆಬ್ರುವರಿಯ ಕೊನೆಯಲ್ಲಿ ಬಳಿದದ್ದು ಬೇಸಿಗೆಯ ಪೂರ್ತಿ ಕೆಲಸ ಮಾಡಿ ಮಳೆಗೆ ತೊಳೆದುಹೋಗುತ್ತದೆ. ಪೇಂಟಿನ ಖರ್ಚು ಇದರ ಹಲವು ಪಟ್ಟು, ಆದರೆ ಅದು ಕೆಲವು ವರ್ಷ ಬಾಳುತ್ತದೆ, ಸಣ್ಣ ಬಿರುಕುಗಳನ್ನೂ ಮುಚ್ಚುತ್ತದೆ. ಒಡೆದ ಟೈಲ್ಸಿನ ಹೊದಿಕೆ ಎಲ್ಲಕ್ಕಿಂತ ದೀರ್ಘಕಾಲ ನಿಲ್ಲುತ್ತದೆ, ಕಸಕ್ಕೆ ಹೋಗುವ ಚೂರುಗಳಿಗೂ ಉಪಯೋಗವಾಗುತ್ತದೆ. ಆದರೆ ಗಾರೆಯ ಭಾರವನ್ನು ಹಳೆಯ ಸ್ಲ್ಯಾಬ್ ತಾಳೀತೇ ಎಂಬುದನ್ನು ತಿಳಿದವರಿಗೆ ತೋರಿಸಿಯೇ ಮುಂದುವರಿಯಬೇಕು. ಪಿಒಪಿ ಸೀಲಿಂಗನ್ನು ನಾನು ಈ ಸಾಲಿನ ಕೊನೆಯಲ್ಲಿ ಇಡುತ್ತೇನೆ. ಬಿಸಿಲನ್ನು ಹೊರಗೇ ತಡೆಯುವುದಕ್ಕೂ ಸ್ಲ್ಯಾಬ್ ಪೂರ್ತಿ ಕಾಯಲು ಬಿಟ್ಟು ಒಳಗೆ ಪರದೆ ಕಟ್ಟುವುದಕ್ಕೂ ಬಹಳ ವ್ಯತ್ಯಾಸವಿದೆ.

ಯಾವುದನ್ನೇ ಆರಿಸಿದರೂ ಧೂಳಿನ ವಿಚಾರ ಮರೆಯಬಾರದು. ಸಂಡೂರು, ತೋರಣಗಲ್ಲು ಸುತ್ತಿನ ರಸ್ತೆಗಳಲ್ಲಿ ಅದಿರಿನ ಲಾರಿಗಳು ಓಡಾಡುವ ಕಡೆ ಬಿಳಿ ಮಾಳಿಗೆ ಕೆಲವೇ ವಾರಗಳಲ್ಲಿ ಕೆಂಪಾಗುತ್ತದೆ; ಬೆರಳಿನಿಂದ ಒರೆಸಿದರೆ ಕುಂಕುಮದಂಥ ಪುಡಿ ಹತ್ತುತ್ತದೆ. ಕೆಂಪಡರಿದ ಬಿಳುಪು ಬಿಸಿಲನ್ನು ಮೊದಲಿನಂತೆ ಹಿಂದಕ್ಕೆ ಕಳಿಸಲಾರದು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಉದ್ದ ಹಿಡಿಯ ಕಸಬರಿಗೆಯಿಂದ ಗುಡಿಸಬೇಕು; ನೀರು ಸುರಿದು ತೊಳೆಯುವಷ್ಟು ನೀರು ನಮ್ಮಲ್ಲಿಲ್ಲ. ಇಂಥ ಊರುಗಳಲ್ಲಿ ವರ್ಷ ವರ್ಷವೂ ಹೊಸದಾಗಿ ಬಳಿಯುವ ಸುಣ್ಣವೇ ದುಬಾರಿ ಪೇಂಟಿಗಿಂತ ಸರಿಯಾದ ಆಯ್ಕೆ.

ಸಿಮೆಂಟ್ ಶೀಟಿನ ಅಥವಾ ತಗಡಿನ ಮನೆಯವರಿಗೆ ಸುಣ್ಣದಿಂದ ಆಗುವ ಅನುಕೂಲ ಆರ್‌ಸಿಸಿ ಮನೆಯವರಿಗಿಂತ ಹೆಚ್ಚು, ಏಕೆಂದರೆ ಆ ತೆಳು ಹೊದಿಕೆ ಬಿಸಿಲನ್ನು ತಡವಿಲ್ಲದೆ ಒಳಗೆ ಇಳಿಸುತ್ತದೆ. ಹಳೆಯ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಅದರ ನಾರು ಉಸಿರಿನೊಂದಿಗೆ ಒಳಸೇರಿದರೆ ಪುಪ್ಪುಸಕ್ಕೆ ದೊಡ್ಡ ಅಪಾಯ. ಹಾಗಾಗಿ ಅವನ್ನು ಒಣಗಿದ್ದಾಗ ಕೆರೆಯಬಾರದು, ಕೊರೆಯಬಾರದು. ತೇವ ಮಾಡಿ ಮೆಲ್ಲಗೆ ಒರೆಸಿ ಬಳಿಯಬೇಕು.

ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಮಣ್ಣಿನ ಮಾಳಿಗೆಯ ಮನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ತೊಲೆ, ಜಂತಿಗಳ ಮೇಲೆ ದಪ್ಪನೆ ಮಣ್ಣು ಹಾಕಿದ ಮಾಳಿಗೆಯೂ ಎರಡು ಅಡಿ ದಪ್ಪದ ಗೋಡೆಗಳೂ ಮಧ್ಯಾಹ್ನದ ಬಿಸಿಯನ್ನು ಒಳಗೆ ತಲುಪಿಸಲು ಹಲವು ತಾಸು ತೆಗೆದುಕೊಳ್ಳುತ್ತವೆ. ಮಳೆಗಾಲಕ್ಕೆ ಮುಂಚೆ ಮೇಲ್ಮುದ್ದಿ, ಅಂದರೆ ಮಾಳಿಗೆಯ ಮೇಲೆ ಹೊಸ ಮಣ್ಣಿನ ಪದರ, ಹಾಕಿಸುವ ಕೆಲಸ ವರ್ಷವೂ ಇರುತ್ತದೆ ನಿಜ, ಆ ಕೆಲಸ ಬಲ್ಲವರು ಕಡಿಮೆಯಾಗುತ್ತಿರುವುದೂ ನಿಜ. ಆದರೂ ಗಟ್ಟಿಮುಟ್ಟಾಗಿರುವ ಮಾಳಿಗೆ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಿ, ಆಮೇಲೆ ಅದನ್ನು ತಂಪು ಮಾಡಲು ಯಂತ್ರ ತರುವುದು ಎರಡೆರಡು ನಷ್ಟ. ಅಡುಗೆಮನೆ, ಬಚ್ಚಲುಗಳನ್ನು ಬೇಕಾದರೆ ಹೊಸದಾಗಿ ಪಕ್ಕದಲ್ಲಿ ಕಟ್ಟಿಕೊಂಡು, ಮಲಗುವ ಪಡಸಾಲೆಯನ್ನು ಹಾಗೆಯೇ ಉಳಿಸಿಕೊಳ್ಳುವುದು ಮೇಲು.

ಮನೆಯ ಪಡುವಣ ಗೋಡೆಗೆ ನೆರಳು ಬೀಳುವಂತೆ ಒಂದು ಬೇವು ಅಥವಾ ಹೊಂಗೆ ಇರಬೇಕು. ಮರ ಬೆಳೆಯುವವರೆಗೆ ಹಂದರವೋ ಹಸಿರು ನೆರಳುಬಟ್ಟೆಯೋ ಸಾಕು.

ಫ್ಯಾನ್, ಕೂಲರ್, ಎಸಿ

ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆದರೆ, ಬಿಎಲ್‌ಡಿಸಿ ಮೋಟಾರಿನ ಫ್ಯಾನ್ ಅಷ್ಟೇ ಗಾಳಿಗೆ 28ರಿಂದ 35 ವ್ಯಾಟ್ ಎಳೆಯುತ್ತದೆ. ನಮ್ಮಲ್ಲಿ ಫ್ಯಾನು ದಿನಕ್ಕೆ ಹದಿನೈದು ತಾಸು, ವರ್ಷದಲ್ಲಿ ಮುನ್ನೂರು ದಿನ ತಿರುಗುತ್ತದೆ ಎಂದಿಟ್ಟುಕೊಂಡರೆ ಒಂದೇ ಫ್ಯಾನಿನಿಂದ ವರ್ಷಕ್ಕೆ ಸುಮಾರು 200 ಯೂನಿಟ್ ಉಳಿಯುತ್ತದೆ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ ಉತ್ಪಾದನೆಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆ ಲೆಕ್ಕದಲ್ಲಿ ಫ್ಯಾನ್ ಒಂದಕ್ಕೆ ವರ್ಷಕ್ಕೆ 140 ಕಿಲೋ ಕಡಿಮೆಯಾದಂತೆ. ಬೆಂಗಳೂರಿನ ಮನೆಗೆ ಇಷ್ಟು ಲಾಭವಾಗದು, ಏಕೆಂದರೆ ಅಲ್ಲಿ ಫ್ಯಾನು ಇಷ್ಟು ತಿರುಗುವುದೇ ಇಲ್ಲ. ಎಲ್ಲ ಫ್ಯಾನುಗಳನ್ನೂ ಒಮ್ಮೆಗೇ ಬದಲಿಸಬೇಕಿಲ್ಲ. ಹೆಚ್ಚು ಹೊತ್ತು ಓಡುವ ಪಡಸಾಲೆಯ ಫ್ಯಾನಿನಿಂದ ಆರಂಭಿಸಿದರೆ ಸಾಕು.

ಕೂಲರ್ ಮತ್ತು ಎಸಿಗಳ ನಡುವಿನ ಆಯ್ಕೆಯನ್ನು ಇಲ್ಲಿನ ಒಣಹವೆ ನಿರ್ಧರಿಸುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಗಾಳಿಯಿಂದ ಸುಮಾರು 0.67 ಯೂನಿಟ್ಟಿನಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಕೂಲರಿನ ವಿದ್ಯುತ್ ಖರ್ಚಾಗುವುದು ಫ್ಯಾನ್ ತಿರುಗಿಸಲು ಮತ್ತು ನೀರು ಎತ್ತಲು ಮಾತ್ರ, ತಾಸಿಗೆ ಹೆಚ್ಚೆಂದರೆ 0.2 ಯೂನಿಟ್. ಒಂದೂವರೆ ಟನ್ನಿನ ಎಸಿ ಮೇ ತಿಂಗಳ ಮಧ್ಯಾಹ್ನ ತಾಸಿಗೆ ಹೆಚ್ಚುಕಡಿಮೆ ಒಂದು ಯೂನಿಟ್ ತೆಗೆದುಕೊಳ್ಳುತ್ತದೆ. ಗಾಳಿ ಒಣಗಿದಷ್ಟೂ ಕೂಲರ್ ಚೆನ್ನಾಗಿ ಕೆಲಸ ಮಾಡುವುದರಿಂದ ಮಾರ್ಚ್‌ನಿಂದ ಮೇ ವರೆಗೆ ರಾಯಚೂರಿನಂಥ ಊರಿಗೆ ಅದೇ ತಕ್ಕದ್ದು. ಮುಂಗಾರು ಬಂದು ಗಾಳಿಯಲ್ಲಿ ತೇವ ಹೆಚ್ಚಿದ ಮೇಲೆ ಅದು ಸೆಕೆಯನ್ನು ಹೆಚ್ಚಿಸುತ್ತದೆ. ಆಗ ನೀರಿನ ಪಂಪು ನಿಲ್ಲಿಸಿ ಗಾಳಿ ಮಾತ್ರ ಬಳಸಬೇಕು. ಕೂಲರ್ ಇಟ್ಟ ಕೋಣೆಯ ಎದುರುಬದಿಯ ಕಿಟಕಿ ತೆರೆದಿರಬೇಕು ಎಂಬುದು ಎಷ್ಟೋ ಮನೆಗಳಲ್ಲಿ ತಿಳಿದಿಲ್ಲ. ಎಲ್ಲ ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಒಂದೇ ತಾಸಿನಲ್ಲಿ ಕೋಣೆ ಜಿಗುಟಾಗುತ್ತದೆ, ಆಮೇಲೆ ಕೂಲರ್ ಕೆಲಸಕ್ಕೆ ಬಾರದೆಂದು ಎಸಿ ಕೊಳ್ಳುತ್ತಾರೆ.

ಹಾಗೆಂದು ಕೂಲರಿಗೂ ಬೆಲೆ ತೆರಬೇಕು, ಅದು ನೀರಿನ ರೂಪದಲ್ಲಿ. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಓಣಿಯಲ್ಲಿ ದಿನಕ್ಕೊಂದು ಟ್ಯಾಂಕ್ ನೀರು ಕೂಲರಿಗೆ ಹಾಕುವುದು ಸಣ್ಣ ಮಾತಲ್ಲ. ಅಂಥಲ್ಲಿ ಬೋರ್‌ವೆಲ್ಲಿನ ಸವಳು ನೀರನ್ನು ಕೂಲರಿಗೆ ಮೀಸಲಿಟ್ಟು, ಸಿಹಿನೀರನ್ನು ಕುಡಿಯಲು ಉಳಿಸಿಕೊಳ್ಳಬಹುದು; ಆದರೆ ಸವಳು ನೀರು ಪ್ಯಾಡಿನ ಮೇಲೆ ಬಿಳಿ ಹೆಪ್ಪು ಕಟ್ಟುವುದರಿಂದ ವಾರಕ್ಕೊಮ್ಮೆ ಟ್ಯಾಂಕ್ ಬರಿದು ಮಾಡಿ ತೊಳೆಯಬೇಕು. ಡೆಂಗಿ ಹರಡುವ ಸೊಳ್ಳೆ ನಿಂತ ನೀರಿನಲ್ಲೇ ಮೊಟ್ಟೆಯಿಡುವುದರಿಂದಲೂ ಈ ತೊಳೆಯುವ ಕೆಲಸ ತಪ್ಪಿಸಬಾರದು.

ವಯಸ್ಸಾದವರು, ಹಸುಗೂಸುಗಳು, ಹೃದಯದ ತೊಂದರೆಯವರು ಇರುವ ಮನೆಗೆ ಎಸಿ ಬೇಕಾಗಬಹುದು, ಅದರಲ್ಲಿ ತಪ್ಪು ಕಾಣುವುದು ಸರಿಯಲ್ಲ. ಮಾಳಿಗೆ ಬಿಳಿ ಮಾಡಿದ ಮೇಲೆ ಒಂದೇ ಕೋಣೆಗೆ, ಹೆಚ್ಚು ಸ್ಟಾರ್ ಇರುವ ಇನ್ವರ್ಟರ್ ಎಸಿ ಹಾಕಿಸಿ, 26 ಡಿಗ್ರಿಗೆ ಇಟ್ಟು ಫ್ಯಾನನ್ನೂ ತಿರುಗಿಸಬೇಕು. ಉಷ್ಣಾಂಶವನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಕೊಳ್ಳುವಾಗ ಒಳಗಿನ ಅನಿಲ ಯಾವುದೆಂದು ಕೇಳಿರಿ: ಆರ್-410ಎ ಅನಿಲ ಸೋರಿದರೆ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ಎರಡು ಸಾವಿರ ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ, ಆರ್-32 ಸುಮಾರು 675 ಪಟ್ಟು, ಆರ್-290 ಅತ್ಯಲ್ಪ.

ಕುಡಿಯುವ ನೀರು: ಮೊದಲು ಪರೀಕ್ಷೆ, ಆಮೇಲೆ ಯಂತ್ರ

ನೀರಿನ ವಿಚಾರದಲ್ಲಿ ಅವಸರದ ಆಯ್ಕೆ ಆರೋಗ್ಯಕ್ಕೂ ನೆಲಕ್ಕೂ ಕೆಡುಕು. ತುಂಗಭದ್ರೆಯ ನೀರನ್ನು ಶುದ್ಧೀಕರಿಸಿ ನಲ್ಲಿಯಲ್ಲಿ ಕೊಡುವ ಊರಿಗೂ, ಪೂರ್ತಿ ಬೋರ್‌ವೆಲ್ಲನ್ನೇ ನಂಬಿದ ಹಳ್ಳಿಗೂ ಒಂದೇ ಯಂತ್ರ ಸಲ್ಲದು. ಭಾರತೀಯ ಮಾನಕ ಬ್ಯೂರೋದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಲವಣಗಳು ಲೀಟರಿಗೆ 500 ಮಿಲಿಗ್ರಾಂ ಒಳಗೆ ಇರುವುದು ಒಳ್ಳೆಯದು. ಬೇರೆ ನೀರೇ ಸಿಗದ ಕಡೆ 2,000ದವರೆಗೆ ಒಪ್ಪಬಹುದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5.

ನಲ್ಲಿಯಲ್ಲಿ ಬರುವ ನದಿ ನೀರಿನ ಲವಣ ಕಡಿಮೆಯಿದ್ದರೆ ಆರ್‌ಒ ಯಂತ್ರ ಬೇಡವೇ ಬೇಡ. ಸೋಸಿ ಕಾಯಿಸುವುದು, ಅಥವಾ ಯುವಿ ಶುದ್ಧೀಕರಣ ಸಾಕು. ಸಾಮಾನ್ಯವಾದ ಮನೆಬಳಕೆಯ ಆರ್‌ಒ ಯಂತ್ರ ಒಂದು ಲೀಟರ್ ಕುಡಿಯುವ ನೀರಿಗೆ ಮೂರು ಲೀಟರಿನಷ್ಟನ್ನು ಹೊರಹಾಕುತ್ತದೆ. ದಿನಕ್ಕೆ 20 ಲೀಟರ್ ಬೇಕಾಗುವ ಮನೆಯಲ್ಲಿ 60 ಲೀಟರ್ ಬಚ್ಚಲು ಸೇರುತ್ತದೆ, ಅಂದರೆ ವರ್ಷಕ್ಕೆ ಸುಮಾರು 22 ಸಾವಿರ ಲೀಟರ್. ಹೂಳಿನಿಂದಾಗಿ ತುಂಗಭದ್ರಾ ಜಲಾಶಯದ ಸಂಗ್ರಹ ಸಾಮರ್ಥ್ಯ ಮೂಲದ 133 ಟಿಎಂಸಿಯಿಂದ 106ರ ಒಳಗೆ ಇಳಿದಿರುವಾಗ, 2024ರ ಆಗಸ್ಟಿನಲ್ಲಿ ಒಂದು ಕ್ರಸ್ಟ್ ಗೇಟ್ ಕೊಚ್ಚಿಹೋಗಿ ಎಲ್ಲರ ಎದೆ ನಡುಗಿದ್ದನ್ನು ಕಂಡಿರುವಾಗ, ಅಗತ್ಯವಿಲ್ಲದ ಕಡೆ ಇಷ್ಟು ನೀರನ್ನು ಹೊರಗೆ ಬಿಡುವುದನ್ನು ಒಪ್ಪಲು ನನ್ನಿಂದ ಆಗದು.

ಫ್ಲೋರೈಡ್ ಇರುವ ಬೋರ್‌ವೆಲ್ ನೀರಿಗೆ ಮಾತ್ರ ಇದಕ್ಕೆ ವಿರುದ್ಧವಾದ ಉತ್ತರ. ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಲ್ಲಿ ಬಗ್ಗದ ಮೊಣಕಾಲು, ಬಿಗಿದ ಬೆನ್ನು ಕಾಣುವುದು ಈ ಕಾರಣಕ್ಕೆ. ಇಲ್ಲಿ ಕಾಯಿಸುವುದು ಪರಿಹಾರವಲ್ಲ: ಕುದಿಸಿದಾಗ ನೀರು ಆವಿಯಾಗಿ ಫ್ಲೋರೈಡ್ ಅಲ್ಲೇ ಉಳಿಯುವುದರಿಂದ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಯುವಿಯಿಂದಲೂ ಅದು ಹೋಗುವುದಿಲ್ಲ. ಇಂಥ ಊರಿನಲ್ಲಿ ಮೂರು ದಾರಿಗಳಿವೆ: ಮನೆಯಲ್ಲೇ ಆರ್‌ಒ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ನೀರು, ಮತ್ತು ಮಳೆನೀರು. ಘಟಕ ನಡೆಯುತ್ತಿದ್ದರೆ, ಅದರೊಳಗಿನ ನೀರು ಸೋಸುವ ಪೊರೆಗಳನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರೆ, ಮನೆಮನೆಗೊಂದು ಯಂತ್ರಕ್ಕಿಂತ ಅದೇ ಮೇಲು. ಅದು ಕೆಟ್ಟು ನಿಂತಿದ್ದರೆ ಗ್ರಾಮ ಪಂಚಾಯಿತಿಯ ಬೆನ್ನು ಹತ್ತಿ ದುರಸ್ತಿ ಮಾಡಿಸುವುದೂ ಪರಿಸರದ ಕೆಲಸವೇ.

ನನ್ನ ಮೊದಲ ಒಲವು ಮಳೆನೀರಿನ ಕಡೆಗೆ, ಏಕೆಂದರೆ ಅದರಲ್ಲಿ ಫ್ಲೋರೈಡಿನ ಭಯವಿಲ್ಲ. ಲೆಕ್ಕ ಸರಳ: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರಡಿಯ ಮಾಳಿಗೆ ಎಂದರೆ 93 ಚದರ ಮೀಟರ್. 600 ಮಿಲಿಮೀಟರ್ ಮಳೆಯಲ್ಲಿ ಐದರಲ್ಲಿ ನಾಲ್ಕು ಪಾಲು ಹಿಡಿದರೂ 44 ಸಾವಿರ ಲೀಟರ್ ಆಗುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕೆಂದರೆ 5,000 ಲೀಟರಿನ ಮುಚ್ಚಿದ ತೊಟ್ಟಿ ಮಳೆ ನಿಂತ ಮೇಲೆ 200 ದಿನ ಬರುತ್ತದೆ. ಆದರೆ ಸುಣ್ಣದ ಮಾಳಿಗೆ ಮತ್ತು ಕುಡಿಯುವ ಮಳೆನೀರು ಎರಡನ್ನೂ ಬಯಸುವವರು ಒಂದು ವಿಷಯ ಗಮನಿಸಬೇಕು: ಮೊದಲ ಮಳೆಗಳು ಸುಣ್ಣವನ್ನೂ ಧೂಳನ್ನೂ ಹೊತ್ತು ತರುತ್ತವೆ. ಅವನ್ನು ಹೊರಗೆ ಬಿಡಲು ಪೈಪಿಗೆ ಒಂದು ಕವಲು ಮತ್ತು ವಾಲ್ವ್ ಇರಲೇಬೇಕು. ನೀರನ್ನು ಮರಳು, ಜಲ್ಲಿ, ಇದ್ದಿಲುಗಳ ಸೋಸುತೊಟ್ಟಿಯ ಮೂಲಕ ಹಾಯಿಸಿ, ಕುಡಿಯುವ ಮುನ್ನ ಕಾಯಿಸಬೇಕು. ಕುಡಿಯುವ ನೀರೇ ಮುಖ್ಯವಾದ ಮನೆಗೆ ಟೈಲ್ಸಿನ ಮಾಳಿಗೆ ಸುಣ್ಣಕ್ಕಿಂತ ಅನುಕೂಲ.

ಮನೆಯ ಆರ್‌ಒ ಅನಿವಾರ್ಯವಾದರೆ ಹೊರಹೋಗುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಶೌಚಾಲಯಕ್ಕೆ, ನೆಲ ಒರೆಸಲು ಬಳಸಬಹುದು. ಫ್ಲೋರೈಡ್ ಪ್ರದೇಶದಲ್ಲಿ ಆ ನೀರನ್ನು ದನಗಳಿಗೆ ಕುಡಿಸಬಾರದು, ಕಾಯಿಪಲ್ಲೆ ಬೆಳೆಯುವ ಮಡಿಗೂ ಬಿಡಬಾರದು.

ಸ್ನಾನದ ನೀರು ಮತ್ತು ಸೌರ ಫಲಕ

ಮಾಳಿಗೆಯ ಮೇಲಿನ ಜಾಗವೂ ಕೈಯಲ್ಲಿರುವ ಹಣವೂ ಸೀಮಿತವಾಗಿದ್ದರೆ ಸೋಲಾರ್ ವಾಟರ್ ಹೀಟರ್ ಹಾಕಿಸಬೇಕೋ ವಿದ್ಯುತ್ ಉತ್ಪಾದಿಸುವ ಸೌರ ಫಲಕ ಹಾಕಿಸಬೇಕೋ ಎಂಬ ಪ್ರಶ್ನೆ ಬರುತ್ತದೆ. ಬೆಂಗಳೂರಿನವರಿಗೆ ಹೀಟರ್ ಒಳ್ಳೆಯ ಉತ್ತರ, ಅಲ್ಲಿ ವರ್ಷದ ಬಹುಪಾಲು ಬಿಸಿನೀರು ಬೇಕು. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಸಿಂಟೆಕ್ಸಿನ ನಲ್ಲಿ ತಿರುಗಿಸಿದರೆ ಕೈ ಸುಡುವಂಥ ನೀರು ತಾನಾಗಿಯೇ ಬರುತ್ತದೆ. ನಿಜವಾಗಿ ಕಾಯಿಸಬೇಕಾದದ್ದು ನವೆಂಬರ್‌ನಿಂದ ಫೆಬ್ರುವರಿವರೆಗೆ. ಒಂದು ಬಕೆಟ್ ನೀರನ್ನು ಇಪ್ಪತ್ತು ಡಿಗ್ರಿ ಬಿಸಿ ಮಾಡಲು ಸುಮಾರು ಅರ್ಧ ಯೂನಿಟ್ ಬೇಕು. ನಾಲ್ಕು ಜನರ ಮನೆಗೆ ನಾಲ್ಕು ತಿಂಗಳಿಗೆ 240 ಯೂನಿಟ್ ಆಗುತ್ತದೆ. ಒಂದು ಕಿಲೋವ್ಯಾಟ್ ಸೌರ ಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುವುದರಿಂದ ಆ 240 ಯೂನಿಟ್ ಎರಡು ತಿಂಗಳಲ್ಲಿ ಬಂದುಬಿಡುತ್ತದೆ. ಆದ್ದರಿಂದ ಇಲ್ಲಿ ಫಲಕವೇ ಮುಂದು. ಹೀಟರನ್ನೇ ಆರಿಸುವವರು ಗಡಸು ನೀರು ಪಾಚಿಗಟ್ಟಿದಂತೆ ಒಳಗೆ ಹೆಪ್ಪಾಗುವುದನ್ನು ನೆನಪಿಟ್ಟು, ತಾಮ್ರದ ಸಣ್ಣ ಪೈಪುಗಳ ಹೀಟರಿಗಿಂತ ತೊಳೆಯಲು ಸುಲಭವಾದ ಗಾಜಿನ ನಳಿಗೆಗಳ ಹೀಟರನ್ನು ಕೊಳ್ಳಬೇಕು.

2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್ ವರೆಗೆ ಪ್ರತಿ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರು ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಫಲಕದ ಕೆಳಗಿನ ಸ್ಲ್ಯಾಬಿಗೆ ನೆರಳು ಸಿಗುವುದು ಹೆಚ್ಚಿನ ಲಾಭ. 2023ರಲ್ಲಿ ಬಂದ ಗೃಹಜ್ಯೋತಿಯ ಮಿತಿಯೊಳಗೇ ಇರುವ ಮನೆಗೆ ಹಣದ ದೃಷ್ಟಿಯಿಂದ ಇದು ತಕ್ಷಣ ಲಾಭವೆನಿಸದು. ಬಿಲ್ಲಿನಲ್ಲಿ ಸೊನ್ನೆ ಬಂದರೂ ಆ ಯೂನಿಟ್ಟುಗಳಿಗೆ ಕಲ್ಲಿದ್ದಲು ಉರಿದೇ ಇರುತ್ತದೆ ಎಂಬುದನ್ನು ಬಲ್ಲವರು ಅಂಥ ಮನೆಯಲ್ಲಿ ಫಲಕಕ್ಕಿಂತ ಮೊದಲು ಫ್ಯಾನು ಬದಲಿಸಲಿ.

ಒಲೆ

ಇಂಡಕ್ಷನ್ ಒಲೆಯೇ ಗ್ಯಾಸಿಗಿಂತ ಪರಿಸರಸ್ನೇಹಿ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಜಾಲದ ವಿದ್ಯುತ್ತನ್ನೇ ಬಳಸುವ ಮನೆಗೆ ಅದು ಸದ್ಯಕ್ಕೆ ನಿಜವಲ್ಲ. ಒಂದು ಯೂನಿಟ್ ವಿದ್ಯುತ್ತಿನಿಂದ ಇಂಡಕ್ಷನ್ ಮಾಡುವಷ್ಟು ಅಡುಗೆಯನ್ನು ಗ್ಯಾಸಿನಲ್ಲಿ ಮಾಡಲು ಸುಮಾರು 110 ಗ್ರಾಂ ಅನಿಲ ಸಾಕು. ಅದು ಉರಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಸುಮಾರು ಮೂರನೇ ಒಂದು ಕಿಲೋ, ವಿದ್ಯುತ್ತಿನದು 0.7 ಕಿಲೋ. ಮಾಳಿಗೆಯ ಮೇಲೆ ಸೌರ ಫಲಕ ಇದ್ದು, ಹಗಲಿನಲ್ಲೇ ಬೇಳೆ, ಅನ್ನ ಬೇಯಿಸಿಕೊಳ್ಳುವ ಮನೆಗೆ ಇಂಡಕ್ಷನ್ ಖಂಡಿತ ಮೇಲು. ಜೋಳದ ರೊಟ್ಟಿಯ ವಿಚಾರ ಬೇರೆ: ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲ್ಭಾಗಕ್ಕೆ ನೀರು ಸವರಿ, ತಿರುವಿ, ಕೊನೆಗೆ ನೇರ ಉರಿಗೆ ಹಿಡಿದಾಗಲೇ ಅದು ಉಬ್ಬುವುದು. ನಡು ತಗ್ಗಿರುವ ಹಂಚು ಇಂಡಕ್ಷನ್ನಿನ ಮೇಲೆ ಕೂರುವುದೂ ಇಲ್ಲ. ಹಾಗಾಗಿ ದಿನವೂ ರೊಟ್ಟಿ ತಿನ್ನುವ ಮನೆಯಲ್ಲಿ ಒಂದು ಗ್ಯಾಸ್ ಒಲೆ ಇರಲೇಬೇಕು.

ನಾಲ್ಕೈದು ದನ ಕಟ್ಟಿರುವ ಹಳ್ಳಿಯ ಮನೆಗೆ ಇವೆರಡಕ್ಕಿಂತ ಗೋಬರ್ ಗ್ಯಾಸ್ ಉತ್ತಮ. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಬೇಕು; ಸಣ್ಣ ಕುಟುಂಬದ ಅಡುಗೆ ಅದರಲ್ಲಿ ಆಗುತ್ತದೆ, ಹೊರಬರುವ ರಾಡಿ ಹೊಲಕ್ಕೆ ಗೊಬ್ಬರ. ಆ 50 ಲೀಟರ್ ನೀರಿಗೆ ಬಚ್ಚಲ ನೀರನ್ನು ಸೋಪು ಬೆರೆಯದಂತೆ ಬೇರ್ಪಡಿಸಿ ಬಳಸಬಹುದು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಸುಗ್ಗಿಯ ನಂತರ ಹೇಗೂ ಹೊಲದಲ್ಲಿ ಸುಡುವುದೇ ಆಗಿದ್ದರೆ ಸ್ನಾನದ ಹಂಡೆಗೆ ಬಳಸುವುದು ತಪ್ಪಲ್ಲ, ಆದರೆ ಒಲೆ ಅಂಗಳದಲ್ಲಿರಲಿ; ಮುಚ್ಚಿದ ಅಡುಗೆಮನೆಯಲ್ಲಿ ಆ ಹೊಗೆ ಹೆಣ್ಣುಮಕ್ಕಳ ಎದೆಗೂಡು ಸೇರುತ್ತದೆ.

ತಾಟಿನ ಮೇಲಿನ ಧಾನ್ಯ

ಗಂಗಾವತಿ, ಸಿಂಧನೂರು ಕಡೆಯ ಸೋನಾ ಮಸೂರಿ ನಾಡಿಗೆಲ್ಲ ಹೆಸರಾದ ಅಕ್ಕಿ, ಅದನ್ನು ಬೆಳೆಯುವ ರೈತರ ದುಡಿಮೆಯ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ: ನೀರು ನಿಲ್ಲಿಸಿ ಬೆಳೆಯುವ ಭತ್ತಕ್ಕೆ ಬೇಕಾಗುವ ನೀರು ಅಪಾರ, ಆ ನಿಂತ ನೀರಿನಿಂದ ಮೀಥೇನ್ ಅನಿಲವೂ ಏಳುತ್ತದೆ. ಜೋಳ, ಸಜ್ಜೆ, ನವಣೆಗಳು ಎರೆ ಹೊಲದ ಹಸಿಯಲ್ಲೋ ಮುಂಗಾರಿನ ಮಳೆಯಲ್ಲೋ ಬೆಳೆಯುತ್ತವೆ. ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತಕ್ಕೆ ನೀರು ಹರಿದಷ್ಟೂ ಕೊನೆ ಭಾಗದ ರಾಯಚೂರು ಕಡೆಯ ಹೊಲಗಳಿಗೆ ಬಿಕ್ಕಟ್ಟು. ಅನ್ನ ಬಿಡಬೇಕಿಲ್ಲ, ಎರಡು ಹೊತ್ತಿನ ಅನ್ನವಿದ್ದ ಮನೆ ಒಂದು ಹೊತ್ತು ರೊಟ್ಟಿಗೆ ಮರಳಿದರೆ ಅದು ಎಷ್ಟೋ ಯಂತ್ರಗಳ ಬದಲಾವಣೆಗಿಂತ ಅರ್ಥವುಳ್ಳದ್ದು.

ಕಸ, ಪಾತ್ರೆ, ಚೀಲ

ಹಸಿ ಕಸಕ್ಕೆ ಅಂಗಳದ ತಿಪ್ಪೆಗುಂಡಿಯೋ ಮಣ್ಣಿನ ಗಡಿಗೆಯೋ ಎಂಬುದು ಜಾಗದ ಪ್ರಶ್ನೆ ಮಾತ್ರ. ನಮ್ಮ ಬಿಸಿಲಿಗೆ ಕಸ ಕೊಳೆಯುವ ಮೊದಲೇ ಒಣಗಿಬಿಡುವುದರಿಂದ ನೆರಳಿನಲ್ಲಿಟ್ಟು ದಿನ ಬಿಟ್ಟು ದಿನ ನೀರು ಚಿಮುಕಿಸಬೇಕು. ರೈಸ್ ಮಿಲ್ಲಿನ ಭತ್ತದ ಹೊಟ್ಟನ್ನು ಒಂದೊಂದು ಪದರ ಹಾಕಿದರೆ ವಾಸನೆ ಬರುವುದಿಲ್ಲ. ಮುಸುರೆಯನ್ನೂ ಸಿಪ್ಪೆಯನ್ನೂ ನೆರೆಮನೆಯ ಎಮ್ಮೆಗೆ ಕೊಡುವ ರೂಢಿ ಇನ್ನೂ ಇರುವ ಓಣಿಯಲ್ಲಿ ಗೊಬ್ಬರಕ್ಕಿಂತ ಅದೇ ಮೊದಲ ಆಯ್ಕೆ. ಕಸದಲ್ಲಿ ಪ್ಲಾಸ್ಟಿಕ್ ಬೆರೆಯದಂತೆ ನೋಡಿಕೊಳ್ಳುವುದು ದನದ ಹೊಟ್ಟೆಯ ದೃಷ್ಟಿಯಿಂದ ಬಹಳ ಮುಖ್ಯ.

ಗಡಸು ನೀರಿನಲ್ಲಿ ಸಾಬೂನು ನೊರೆ ಬಿಡದೆ ಬಿಳಿ ಗಸಿಯಾಗುತ್ತದೆ, ಆಗ ಸಾಬೂನೂ ನೀರೂ ಎರಡೂ ಹೆಚ್ಚು ಖರ್ಚಾಗುತ್ತವೆ. ಅಂಟವಾಳ ಕಾಯಿ ನೆನೆಸಿದ ನೀರಿಗೆ ಆ ತೊಂದರೆಯಿಲ್ಲ. ಬಟ್ಟೆಗೂ ಪಾತ್ರೆಗೂ ಅದು ಒಗ್ಗುತ್ತದೆ, ತೊಳೆದ ನೀರನ್ನು ಬೇವಿನ ಗಿಡದ ಬುಡಕ್ಕೆ ಹಾಕಬಹುದು. ಚೀಲದ ವಿಷಯದಲ್ಲಿ ಹೊಸ ಬಟ್ಟೆ ಚೀಲ ಕೊಳ್ಳುವ ಅಗತ್ಯವೇ ಇಲ್ಲ. ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಉಳಿದ ತುಂಡುಗಳಿಂದ ಹೊಲಿದ ಚೀಲ ಹಲವು ವರ್ಷ ಹರಿಯುವುದಿಲ್ಲ.

ಹೊಸದಾಗಿ ಕಟ್ಟುವವರು ಮತ್ತು ಬಾಡಿಗೆಯವರು

ಹೊಸ ಮನೆ ಕಟ್ಟುವವರು ಸುಟ್ಟ ಇಟ್ಟಿಗೆಗಿಂತ ಹಾರುಬೂದಿಯ ಇಟ್ಟಿಗೆಯನ್ನು ಆರಿಸಬಹುದು. ಅದನ್ನು ಸುಡಬೇಕಿಲ್ಲ, ಹೊಲದ ಮೇಲ್ಮಣ್ಣನ್ನೂ ಅಗೆಯಬೇಕಿಲ್ಲ, ನಮ್ಮದೇ ಸ್ಥಾವರಗಳ ಬೂದಿಗೆ ಒಂದು ನೆಲೆಯೂ ಸಿಗುತ್ತದೆ. ಒಳ್ಳೆಯ ಕಲ್ಲು ಹತ್ತಿರದಲ್ಲೇ ಸಿಗುವ ಊರಿನಲ್ಲಿ ದಪ್ಪ ಕಲ್ಲಿನ ಗೋಡೆ ಇದಕ್ಕಿಂತಲೂ ತಂಪು, ಆದರೆ ಕೂಲಿ ಹೆಚ್ಚು. ಸಿಮೆಂಟಿನಲ್ಲಿ ಹಾರುಬೂದಿ ಬೆರೆತ ಪಿಪಿಸಿ, ಅಥವಾ ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆತ ಸ್ಲ್ಯಾಗ್ ಸಿಮೆಂಟ್ ಮನೆ ಕಟ್ಟಲು ಸಾಕು. ಮಲಗುವ ಕೋಣೆಯನ್ನು ಪಡುವಣಕ್ಕೆ ಇಡದಿರುವುದು, ಕಿಟಕಿಗಳ ಮೇಲೆ ಅಗಲವಾದ ಸಜ್ಜಾ ಬಿಡುವುದು, ಮಳೆನೀರಿನ ಪೈಪಿನ ಜಾಗವನ್ನು ನಕ್ಷೆಯಲ್ಲೇ ಗುರುತಿಸುವುದು, ಇವಿಷ್ಟಕ್ಕೂ ಹೆಚ್ಚು ಖರ್ಚಿಲ್ಲ.

ಬಾಡಿಗೆ ಮನೆಯಲ್ಲಿರುವವರು ಮಾಳಿಗೆಗೆ ಪೇಂಟು ಹೊಡೆಸುವುದಾಗಲಿ ಫಲಕ ಹಾಕಿಸುವುದಾಗಲಿ ಆಗದ ಮಾತು. ಅವರಿಗೆ ಬಿಎಲ್‌ಡಿಸಿ ಫ್ಯಾನು ಮತ್ತು ಕೂಲರ್ ಸರಿಯಾದವು, ಮನೆ ಬಿಡುವಾಗ ಜೊತೆಗೆ ಒಯ್ಯಬಹುದು. ಮಾಲೀಕರ ಒಪ್ಪಿಗೆ ಪಡೆದು ಒಂದೆರಡು ಚೀಲ ಸುಣ್ಣವನ್ನು ತಾವೇ ಬಳಿದರೆ ಅದರ ಖರ್ಚು ಕೂಲರಿನ ಬೆಲೆಯ ಮುಂದೆ ಬಹಳ ಚಿಕ್ಕದು. ಮೇಲಿನ ಮಹಡಿ ಅಗ್ಗವೆಂದು ಸಿಗುತ್ತಿದ್ದರೂ, ಕೆಳಗಿನ ಮಹಡಿಯ ಬಾಡಿಗೆಯೊಂದಿಗೆ ಹೋಲಿಸುವಾಗ ಬೇಸಿಗೆಯ ನಾಲ್ಕು ತಿಂಗಳ ವಿದ್ಯುತ್ ಬಿಲ್ಲನ್ನೂ ಅದಕ್ಕೆ ಸೇರಿಸಿ ನೋಡಬೇಕು.